ಒಂದೂವರೆ ಕ್ಯಾನ್ ಹಾಲು: ಜಮೈಕಾದಲ್ಲಿ ಸಣ್ಣ ಡೈರಿ ಕಟ್ಟುವ ಲೆಕ್ಕ

ಜಮೈಕಾ ಅಂದ್ರೆ ನಮಗೆ ಕ್ರಿಸ್ ಗೇಲ್, ಉಸೇನ್ ಬೋಲ್ಟ್. ಅಲ್ಲಿನ ಹಸುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಬಿಸಿಲು ನಾಡಿಗೆ ಹೊಂದುವ ಹಾಲಿನ ತಳಿಯನ್ನು ಎಲ್ಲರಿಗಿಂತ ಮೊದಲೇ ಕಟ್ಟಿ ನಿಲ್ಲಿಸಿದ ದೇಶಗಳಲ್ಲಿ ಜಮೈಕಾ ಒಂದು. ಅದೇ ದೇಶದ ಜನ ಇವತ್ತು ಕುಡಿಯುವ ಹಾಲಿನಲ್ಲಿ ಹೆಚ್ಚಿನ ಪಾಲು ಪುಡಿಯಾಗಿ ಹಡಗಿನಲ್ಲಿ ಬರುತ್ತದೆ. ಹಸು ಗೆದ್ದಿತು, ಹಾಲು ಸೋತಿತು. ಅಲ್ಲಿ ಹೊಸದಾಗಿ ಡೈರಿ ಶುರು ಮಾಡುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಇದನ್ನೇ.

ದೇಶ ದೊಡ್ಡದೇನಲ್ಲ. ವಿಸ್ತೀರ್ಣ 10,991 ಚದರ ಕಿಲೋಮೀಟರ್, ಜನಸಂಖ್ಯೆ 28 ಲಕ್ಷದ ಆಸುಪಾಸು. ಎರಡರಲ್ಲೂ ಹೆಚ್ಚೂಕಡಿಮೆ ನಮ್ಮ ತುಮಕೂರು ಜಿಲ್ಲೆ. ತುಮಕೂರಿನ ಹಾಲು ಒಕ್ಕೂಟಕ್ಕೆ ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಹಾಲು ಬರುತ್ತದೆ. ಜಮೈಕಾದಲ್ಲಿ 1990ರ ದಶಕದ ಆರಂಭಕ್ಕೆ ವರ್ಷಕ್ಕೆ ಸುಮಾರು 3.8 ಕೋಟಿ ಲೀಟರ್ ಆಗುತ್ತಿತ್ತು. ಆಮೇಲಿನ ಹದಿನೈದು ವರ್ಷಗಳಲ್ಲಿ ಅದು 1.4 ಕೋಟಿಯ ಹತ್ತಿರಕ್ಕೆ ಇಳಿಯಿತು. ದಿನಕ್ಕೆ ಭಾಗಿಸಿದರೆ 40 ಸಾವಿರ ಲೀಟರ್ ಕೂಡ ಇಲ್ಲ. ಇಡೀ ದೇಶದ್ದು!

ಪ್ರಕರಣ

ಈ ಬರಹಕ್ಕಾಗಿ ಒಂದು ಫಾರ್ಮನ್ನು ಕಾಗದದ ಮೇಲೆ ಕಟ್ಟಿಕೊಂಡಿದ್ದೇನೆ. ಕುಟುಂಬ ಕಲ್ಪನೆಯದು. ಜಾಗ, ತಳಿ, ಹವಾಮಾನ, ಮಾರುಕಟ್ಟೆಯ ಇತಿಹಾಸ ಕಲ್ಪನೆಯದಲ್ಲ.

ಗಂಡ ಹೆಂಡತಿ, ಐವತ್ತರ ಆಸುಪಾಸು. ಬಹಳ ವರ್ಷ ಇಂಗ್ಲೆಂಡಿನಲ್ಲಿ ದುಡಿದು ಊರಿಗೆ ವಾಪಸ್ ಬಂದಿದ್ದಾರೆ. ಜಮೈಕಾದಲ್ಲಿ ಹೀಗೆ ಮರಳಿ ಬರುವವರು ಬಹಳ. ನೈರುತ್ಯದ ಸೇಂಟ್ ಎಲಿಜಬೆತ್ ಪ್ಯಾರಿಷ್‌ನಲ್ಲಿ ಅಪ್ಪನ ಕಾಲದ 15 ಎಕರೆ ಇದೆ. (ಪ್ಯಾರಿಷ್ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ.) ಕೈಯಲ್ಲಿ ಒಂದಿಷ್ಟು ಉಳಿತಾಯ ಇದೆ. ಹತ್ತು ಹಸುವಿನ ಡೈರಿ ಮಾಡಬೇಕು ಅಂತ ಆಸೆ. ಯೂಟ್ಯೂಬ್‌ನಲ್ಲಿ ದಿನಕ್ಕೆ 25 ಲೀಟರ್ ಕೊಡುವ ಎಚ್‌ಎಫ್ (ಯುರೋಪಿನ ಹೋಲ್‌ಸ್ಟೈನ್ ತಳಿಯ) ಹಸು ನೋಡಿದ್ದಾರೆ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಹೊಸಕೋಟೆ ಕಡೆ ಕೊಟ್ಟಿಗೆ ಕಟ್ಟುವವರ ಕಥೆಯೂ ಇಲ್ಲಿಂದಲೇ ಶುರುವಾಗೋದು, ಅಲ್ವಾ?

ಮೊದಲನೇ ತೊಡಕು ಕೊಟ್ಟಿಗೆಗಿಂತ ಮುಂಚೆಯೇ ಬರುತ್ತದೆ. ಆ 15 ಎಕರೆ ಅಣ್ಣತಮ್ಮಂದಿರೆಲ್ಲರಿಗೂ ಸೇರಿದ ಮನೆತನದ ಜಮೀನು. ಯಾರ ಹೆಸರಿಗೂ ಸರಿಯಾದ ದಾಖಲೆ ಇಲ್ಲ. ಜಮೈಕಾದಲ್ಲಿ ಇದು ತೀರಾ ಸಾಮಾನ್ಯ. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದು, ಪೌತಿ ಖಾತೆ ಆಗದೆ ಉಳಿದ ನಮ್ಮ ಜಮೀನುಗಳ ಹಾಗೆಯೇ. ಬ್ಯಾಂಕ್ ಇದರ ಮೇಲೆ ಸಾಲ ಕೊಡಲ್ಲ. ಬೇಲಿ, ನೀರಿನ ತೊಟ್ಟಿ ಅಂತ ದುಡ್ಡು ಸುರಿದ ಮೇಲೆ ಟೊರಾಂಟೊದಲ್ಲಿರುವ ತಮ್ಮ ಬಂದು ‘ನನ್ನ ಪಾಲು ಎಲ್ಲಿ’ ಅನ್ನಬಹುದು. ಕನಿಷ್ಠ ಹತ್ತು ವರ್ಷದ ಬರವಣಿಗೆಯ ಒಪ್ಪಂದ, ಎಲ್ಲರ ಸಹಿಯೊಂದಿಗೆ, ಹಸು ಬರುವ ಮುಂಚೆ ಕೈಯಲ್ಲಿರಬೇಕು. ಇಷ್ಟನ್ನು ಹೇಳಿ ಮುಂದೆ ಹೋಗುತ್ತೇನೆ. ಯಾಕಂದ್ರೆ ಇದಕ್ಕೆ ಬೇರೆ ಉಪಾಯ ಇಲ್ಲ.

ಯಾವ ಹಸು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಜಮೈಕಾ ಉತ್ತರ ಕಂಡುಕೊಂಡು ಎಪ್ಪತ್ತು ವರ್ಷ ದಾಟಿದೆ.

ಆ ಉತ್ತರ ಹುಡುಕಿದ ತಳಿ ವಿಜ್ಞಾನಿ ಥಾಮಸ್ ಫಿಲಿಪ್ ಲೆಕಿ ಹುಟ್ಟಿದ್ದು 1904ರಲ್ಲಿ, ಪೋರ್ಟ್‌ಲ್ಯಾಂಡ್ ಪ್ಯಾರಿಷ್‌ನ ಬೆಟ್ಟದ ಸೀಮೆಯಲ್ಲಿ. ಕಪ್ಪು ಜನಾಂಗದ ಸಣ್ಣ ರೈತರ ಮನೆಯ ಹುಡುಗ. ಕಿಂಗ್‌ಸ್ಟನ್‌ನ ಹೋಪ್ ಫಾರ್ಮ್‌ನಲ್ಲಿ ಕೃಷಿ ಕಲಿತು, ಕೆನಡಾದಲ್ಲಿ ಓದಿ, 1951ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅವರ ತಲೆಯಲ್ಲಿದ್ದ ರೈತ ಎಸ್ಟೇಟ್ ಮಾಲೀಕನಲ್ಲ. ಬೆಟ್ಟದ ಇಳಿಜಾರಿನಲ್ಲಿ ಎರಡೋ ಮೂರೋ ಎಕರೆ ಇಟ್ಟುಕೊಂಡು, ಒಂದು ಹಸುವಿನಲ್ಲಿ ಮನೆ ನಡೆಸುವವನು. ಅವನಿಗೆ ಬೇಕಾದ್ದು ಕಡಿಮೆ ತಿಂದು, ಬಿಸಿಲು ತಡೆದು, ಉಣ್ಣೆ ಕಚ್ಚಿದರೂ ಮಲಗದೆ ಹಾಲು ಕೊಡುವ ಹಸು.

ಯುರೋಪಿನ ಹಸುಗಳು ಅಲ್ಲಿ ಬಾಳುತ್ತಿರಲಿಲ್ಲ. ಬಿಸಿಲಿಗಿಂತ ಅಲ್ಲಿನ ಸೆಕೆ ಕೆಟ್ಟದ್ದು. ರಾತ್ರಿಯೂ ಮೈ ತಣಿಯದಿದ್ದರೆ ಹಸು ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ, ಹಾಲು ಇಳಿಯುತ್ತದೆ, ಬೆದೆಗೆ ಬಂದರೂ ಗಬ್ಬ ನಿಲ್ಲುವುದಿಲ್ಲ. ಅದರ ಮೇಲೆ ಉಣ್ಣೆ ಜ್ವರ. ಹೋಪ್ ಫಾರ್ಮ್‌ನ ಜೆರ್ಸಿ ಹಿಂಡಿಗೆ ಭಾರತದ ಸಾಹಿವಾಲ್ ಹೋರಿಯ ರಕ್ತ ಸೇರಿಸಿದ್ದು ಇದಕ್ಕೇ. ಲೆಕಿ ದಶಕಗಳ ಕಾಲ ಪ್ರತಿ ಹಸುವಿನ ಹಾಲು ಬರೆದಿಟ್ಟು, ಆರಿಸಿ, ಮತ್ತೆ ಆರಿಸಿ, ಒಂದು ತಳಿಯನ್ನು ಹದಕ್ಕೆ ತಂದರು. 1952ರಲ್ಲಿ ಅದಕ್ಕೆ ಜಮೈಕಾ ಹೋಪ್ ಎಂಬ ಹೆಸರಿನಲ್ಲಿ ಮಾನ್ಯತೆ ಸಿಕ್ಕಿತು. ರಕ್ತದ ಲೆಕ್ಕ ಸುಮಾರಾಗಿ ಹೀಗೆ: 80 ಪಾಲು ಜೆರ್ಸಿ, 15 ಪಾಲು ಸಾಹಿವಾಲ್, 5 ಪಾಲು ಹೋಲ್‌ಸ್ಟೈನ್. ಒಂದು ಸೂಲಿಗೆ (ಒಮ್ಮೆ ಈದ ಮೇಲಿನ ಕರಾವಿಗೆ) ಸುಮಾರು 2,500 ಲೀಟರ್, ಫ್ಯಾಟ್ ಅಂದರೆ ಕೊಬ್ಬು ಶೇಕಡಾ 5ರ ಹತ್ತಿರ. ಮಾಂಸಕ್ಕೆ ಜಮೈಕಾ ರೆಡ್, ಜಮೈಕಾ ಬ್ಲ್ಯಾಕ್ ತಳಿಗಳ ಹಿಂದೆ ಇದ್ದವರೂ ಅವರೇ.

ಭಾರತದ ದನ ಅಲ್ಲಿಗೆ ಹೊಸದಲ್ಲ. 19ನೇ ಶತಮಾನದಲ್ಲೇ ಕಬ್ಬಿನ ಎಸ್ಟೇಟುಗಳು ಗಾಡಿ ಎಳೆಯಲು ನಮ್ಮ ದೇಶದಿಂದ ದನ ತರಿಸಿಕೊಂಡಿದ್ದವು. ಅವುಗಳಲ್ಲಿ ಮೈಸೂರು ಸೀಮೆಯ ದನಗಳೂ ಇದ್ದವು. ಕೂಲಿಯ ಕರಾರಿಗೆ ಸಹಿ ಹಾಕಿದ ಭಾರತೀಯರನ್ನು ಹೊತ್ತ ಮೊದಲ ಹಡಗು 1845ರಲ್ಲಿ ಓಲ್ಡ್ ಹಾರ್ಬರ್ ಬೇಗೆ ಬಂತು. ಜಮೈಕಾ ಹೋಪ್ ಹಿಂಡನ್ನು ಮುಂದೆ ಬೆಳೆಸಿದ ಬಾಡಲ್ಸ್ ಸಂಶೋಧನಾ ಕೇಂದ್ರವೂ ಅದೇ ಓಲ್ಡ್ ಹಾರ್ಬರ್ ಪಕ್ಕದಲ್ಲಿದೆ.

ನಮ್ಮ ಪ್ರಕರಣಕ್ಕೆ ಬಂದರೆ, ದಂಪತಿಗೆ ಹೇಳುವ ಮಾತು ಒಂದೇ. ಎಚ್‌ಎಫ್ ಆಸೆ ಬಿಡಿ. ಊರಿನ ಸುತ್ತಮುತ್ತ ಸಿಗುವ ಜಮೈಕಾ ಹೋಪ್ ಅಥವಾ ಅದರ ಮಿಶ್ರ ರಕ್ತದ ಕಡಸು ಕೊಳ್ಳಿ, ಸಾಧ್ಯವಾದರೆ ಗಬ್ಬದ್ದು. 25 ಲೀಟರಿನ ಹಸುವಿಗೆ ಫ್ಯಾನ್, ನೀರಿನ ತುಂತುರು, ಚೀಲಗಟ್ಟಲೆ ಫೀಡ್ ಬೇಕು. ಅಲ್ಲಿ ಫೀಡಿನ ಜೋಳ, ಸೋಯಾ ಹೊರದೇಶದಿಂದ ಬರುತ್ತದೆ. ಕರೆಂಟು ದುಬಾರಿ. ದಿನಕ್ಕೆ 8 ಲೀಟರ್ ಕೊಟ್ಟು ಹುಲ್ಲಿನಲ್ಲೇ ಬದುಕುವ ಹಸು, 15 ಲೀಟರ್ ಕೊಟ್ಟು ಅದರಲ್ಲಿ 8 ಲೀಟರಿನ ದುಡ್ಡನ್ನು ಫೀಡ್ ಅಂಗಡಿಗೆ ಕಟ್ಟಿಸುವ ಹಸುವಿಗಿಂತ ಮೇಲು.

ಹುಲ್ಲು, ನೀರು, ಹೊಕ್ಕುಳು

ಹುಲ್ಲಿಗೆ ಅಲ್ಲಿ ಬರವಿಲ್ಲ ಅನ್ನಿಸುತ್ತದೆ. ಗಿನಿ ಹುಲ್ಲು ಆಫ್ರಿಕಾದಿಂದ 18ನೇ ಶತಮಾನದಲ್ಲಿ ಬಂದು ಗುಡ್ಡ, ರಸ್ತೆ ಬದಿ ಎಲ್ಲ ಕಡೆ ಹಬ್ಬಿಕೊಂಡಿದೆ. ಮಳೆಗಾಲದಲ್ಲಿ ಎದೆ ಮಟ್ಟ ಬೆಳೆಯುತ್ತದೆ. ನಾಲ್ಕೈದು ವಾರಕ್ಕೆ ಕೊಯ್ದರೆ ಒಳ್ಳೆಯ ಮೇವು. ಎರಡು ತಿಂಗಳು ಬಿಟ್ಟರೆ ಬರೀ ಕಡ್ಡಿ. ಹಸು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ಹಾಲು ಮಾತ್ರ ಬರಲ್ಲ.

ಒಂದು ಹಸುವಿಗೆ ದಿನಕ್ಕೆ 50 ಕೆಜಿ ಹಸಿ ಹುಲ್ಲು ಅಂತ ಇಟ್ಟುಕೊಂಡರೂ ಹತ್ತಕ್ಕೆ 5 ಕ್ವಿಂಟಲ್. ಕರುಗಳದ್ದು ಬೇರೆ. ಮೇ, ಜೂನ್‌ನಲ್ಲಿ, ಮತ್ತೆ ಸೆಪ್ಟೆಂಬರಿನಿಂದ ನವೆಂಬರ್ ತನಕ ಇದು ಸಲೀಸು. ಡಿಸೆಂಬರಿನಿಂದ ಮಾರ್ಚ್ ತನಕ ಸೇಂಟ್ ಎಲಿಜಬೆತ್‌ನ ದಕ್ಷಿಣ ಭಾಗ ಒಣಗಿ ನಿಲ್ಲುತ್ತದೆ. ಸುಣ್ಣಕಲ್ಲಿನ ಮೇಲಿನ ಕೆಂಪು ಮಣ್ಣು, ಬಿದ್ದ ನೀರು ಹಿಡಿದಿಟ್ಟುಕೊಳ್ಳುವುದಿಲ್ಲ. ಅಲ್ಲಿನ ತರಕಾರಿ ರೈತರು ಕಲ್ಲಂಗಡಿ, ಈರುಳ್ಳಿ ಸೊಪ್ಪಿನ ಸಾಲುಗಳಿಗೆ ಒಣಗಿದ ಗಿನಿ ಹುಲ್ಲನ್ನೇ ದಪ್ಪನಾಗಿ ಹೊದಿಸಿ ತೇವ ಉಳಿಸಿಕೊಳ್ಳುತ್ತಾರೆ. ಬಲು ಜಾಣತನದ ಬೇಸಾಯ. ಆದರೆ ಹಸು ಸಾಕುವವನಿಗೆ ಅದರ ಅರ್ಥ ಬೇರೆ. ಬೇಸಿಗೆಯಲ್ಲಿ ಹುಲ್ಲಿಗೆ ಇನ್ನೊಬ್ಬ ಗಿರಾಕಿ ಇದ್ದಾನೆ. ದುಡ್ಡು ಕೊಟ್ಟರೂ ಸಿಗದ ದಿನ ಬರಬಹುದು.

ಹಾಗಾಗಿ ಎರಡು ಎಕರೆ ನೇಪಿಯರ್ ಹುಲ್ಲನ್ನು ಹಸು ಬರುವ ಒಂದು ಮಳೆಗಾಲ ಮುಂಚೆ ನೆಡಬೇಕು. ಅಕ್ಟೋಬರಿನಲ್ಲಿ ಹುಲ್ಲು ಉಕ್ಕುವಾಗ ಕೊಯ್ದು ಕತ್ತರಿಸಿ ಡ್ರಮ್ಮಿನಲ್ಲೋ ಗುಂಡಿಯಲ್ಲೋ ತುಳಿದು ಗಾಳಿಯಾಡದಂತೆ ಮುಚ್ಚಿ ರಸಮೇವು ಮಾಡಬೇಕು. ಸ್ವಲ್ಪ ಕಾಕಂಬಿ ಸೇರಿಸಿದರೆ ಬೇಗ ಹದಕ್ಕೆ ಬರುತ್ತದೆ. ಬೇಲಿ ಸಾಲಿಗೆ ಸುಬಾಬುಲ್, ಗ್ಲಿರಿಸಿಡಿಯಾ ನೆಟ್ಟರೆ ಅವುಗಳ ಸೊಪ್ಪಿನಿಂದ ಹಿಂಡಿಯ ಖರ್ಚು ಒಂದಿಷ್ಟು ಇಳಿಯುತ್ತದೆ. ಎರಡೂ ನಮ್ಮ ರೈತರಿಗೆ ಗೊತ್ತಿರುವ ಗಿಡಗಳೇ, ಹುಟ್ಟಿದ್ದು ಮಾತ್ರ ಅಮೆರಿಕದ ಆ ಭಾಗದಲ್ಲಿ. ನೀರಿಗೆ ಛಾವಣಿಯಿಂದ ಇಳಿಯುವ ಮಳೆನೀರಿನ ಸಿಮೆಂಟ್ ತೊಟ್ಟಿ. ಕರೆಯುವ ಹಸುವಿಗೆ ಸೆಕೆಯ ದಿನ 60 ಲೀಟರಿನಷ್ಟು ಕುಡಿಯುವ ನೀರು ಬೇಕು. ಪಾತ್ರೆ, ಕೊಟ್ಟಿಗೆ ತೊಳೆಯಲು ಬೇರೆ. ನಾಲ್ಕು ತಿಂಗಳ ಲೆಕ್ಕ ಹಾಕಿದರೆ ತೊಟ್ಟಿ ಎಷ್ಟು ದೊಡ್ಡದಾಗಬೇಕು ಅಂತ ಗೊತ್ತಾಗಿ ಬೆವರು ಬರುತ್ತದೆ.

ರೋಗದ ವಿಷಯದಲ್ಲಿ ಒಂದನ್ನೇ ಹತ್ತಿರದಿಂದ ನೋಡೋಣ. ಕರು ಬಿದ್ದ ದಿನ. ತಾಯಿ ನೆಕ್ಕಿ ಒಣಗಿಸುತ್ತಿದೆ, ಹೊಕ್ಕುಳ ಬಳ್ಳಿ ಇನ್ನೂ ಹಸಿ. ಜಮೈಕಾದಲ್ಲಿ ಸ್ಕ್ರೂವರ್ಮ್ ಎಂಬ ನೊಣ ಇದೆ. ನಮ್ಮಲ್ಲಿ ಗಾಯಕ್ಕೆ ಹುಳ ಬೀಳಿಸುವ ನೊಣದ ದಾಯಾದಿ ಅನ್ನಿ. ಹಸಿ ಗಾಯದ ಅಂಚಿನಲ್ಲಿ ಒಂದೇ ಸಲಕ್ಕೆ ಇನ್ನೂರು ಮುನ್ನೂರು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳ ಹೊರಬರುತ್ತದೆ. ಮಾಮೂಲಿ ಹುಳದ ಹಾಗೆ ಸತ್ತ ಮಾಂಸ ತಿನ್ನುವುದಲ್ಲ ಇದು. ಜೀವಂತ ಮಾಂಸವನ್ನೇ ಕೊರೆಯುತ್ತ, ತಲೆ ಕೆಳಗೆ ಮಾಡಿ ಒಳಕ್ಕೆ ಇಳಿಯುತ್ತದೆ. ವಾರದೊಳಗೆ ಕರು ಮಂಕಾಗಿ ಮೂಲೆ ಹಿಡಿಯುತ್ತದೆ. ಆಮೇಲೆ ಉಳಿಸುವುದು ಕಷ್ಟ. ಅಮೆರಿಕ ಸಂಸ್ಥಾನ ಸಂತಾನಶಕ್ತಿ ಇಲ್ಲದ ಗಂಡು ನೊಣಗಳನ್ನು ವಿಮಾನದಿಂದ ಬಿಟ್ಟು ಇದನ್ನು ತನ್ನ ನೆಲದಿಂದ ಓಡಿಸಿತ್ತು. ಜಮೈಕಾದಲ್ಲೂ 1990ರ ದಶಕದ ಕೊನೆಯಲ್ಲಿ ಅದೇ ಪ್ರಯತ್ನ ಶುರುವಾಯಿತು, ಗೆಲ್ಲಲಿಲ್ಲ. ಹಾಗಾಗಿ ಕರು ನಿಂತ ತಕ್ಷಣ ಹೊಕ್ಕುಳನ್ನು ಅಯೋಡಿನ್ ಬಟ್ಟಲಿನಲ್ಲಿ ಅದ್ದಬೇಕು. ಸಂಜೆ ಮತ್ತೊಮ್ಮೆ. ಒಣಗುವ ತನಕ ದಿನಾ ಬಗ್ಗಿ ನೋಡಬೇಕು. ಕೊಂಬು ಸುಡುವುದು, ಬೀಜ ಒಡೆಯುವುದು, ಕಿವಿಗೆ ಓಲೆ ಹಾಕುವುದು ಎಲ್ಲಕ್ಕೂ ಇದೇ ಎಚ್ಚರ. ಕಿವಿ ಓಲೆ ಅಲ್ಲೂ ಕಡ್ಡಾಯ. ದನದ ಗುರುತಿಗೆ ಸರ್ಕಾರದ ವ್ಯವಸ್ಥೆ ಇದೆ, ಪ್ರತಿ ದನಕ್ಕೂ ಪಾಸ್‌ಪೋರ್ಟ್ ಇದೆ. ನಮ್ಮ ಹಳದಿ ಓಲೆಯ 12 ಅಂಕಿಗಳ ಹಾಗೆ.

ಪುಡಿ ಬಂದ ಕಥೆ

ಇಲ್ಲಿಯ ತನಕದ್ದೆಲ್ಲ ಕಷ್ಟವಾದರೂ ಕೈಯಲ್ಲಿ ಆಗುವ ಕೆಲಸ. ಜಮೈಕಾದ ಹಳೆ ಡೈರಿಗಳು ಮುಚ್ಚಿದ್ದು ಉಣ್ಣೆಯಿಂದಲ್ಲ, ಬಿಸಿಲಿನಿಂದಲೂ ಅಲ್ಲ.

ಸಾಲದಲ್ಲಿ ಮುಳುಗಿದ್ದ ಜಮೈಕಾ 1990ರ ಸುಮಾರಿಗೆ ವಿಶ್ವಬ್ಯಾಂಕ್ ಮತ್ತು ಅಮೆರಿಕ ಖಂಡದ ಅಭಿವೃದ್ಧಿ ಬ್ಯಾಂಕಿನ ಹತ್ತಿರ ಕೃಷಿ ಸುಧಾರಣೆಯ ಹೆಸರಿನಲ್ಲಿ ಸಾಲ ತೆಗೆದುಕೊಂಡಿತು. ಷರತ್ತುಗಳಿದ್ದವು. ಆಮದಿನ ಮೇಲಿನ ತಡೆ ಇಳಿಸಬೇಕು. ಸ್ಥಳೀಯ ಹಾಲಿಗೆ ಕೊಡುತ್ತಿದ್ದ ಆಸರೆ ತೆಗೆಯಬೇಕು. 1992ರಲ್ಲಿ ಬಾಗಿಲು ತೆರೆಯಿತು. ಅತ್ತ ಯುರೋಪಿನ ಗೋದಾಮುಗಳಲ್ಲಿ ಹಾಲಿನ ಪುಡಿ ರಾಶಿ ಬಿದ್ದಿತ್ತು. ರೈತರಿಗೆ ಒಳ್ಳೆ ಬೆಲೆ ಕೊಟ್ಟು ಸರ್ಕಾರಗಳೇ ಕೊಂಡದ್ದು ಅದು. ಹೊರದೇಶಕ್ಕೆ ಮಾರುವವರಿಗೆ ಬೆಲೆಯ ವ್ಯತ್ಯಾಸವನ್ನು ಸಬ್ಸಿಡಿಯಾಗಿ ತುಂಬಿಕೊಡುತ್ತಿದ್ದರು. ಕಿಂಗ್‌ಸ್ಟನ್ ಬಂದರಿಗೆ ಬಂದ ಆ ಪುಡಿಯ ಬೆಲೆಗೆ ಯಾವ ಜಮೈಕಾ ಹೋಪ್ ಹಸುವೂ ಹಾಲು ಕೊಡಲು ಸಾಧ್ಯವಿರಲಿಲ್ಲ.

ಹಾಲಿನ ಕಾರ್ಖಾನೆಯವರ ಕಡೆಯಿಂದ ನೋಡಿ. 25 ಕೆಜಿಯ ಒಂದು ಚೀಲ ಪುಡಿಗೆ ನೀರು ಸೇರಿಸಿದರೆ ಸುಮಾರು 250 ಲೀಟರ್ ಹಾಲು. ಚೀಲ ಕೆಡುವುದಿಲ್ಲ, ಕೆಚ್ಚಲು ಬಾವು ಬರುವುದಿಲ್ಲ, ಭಾನುವಾರ ರಜೆ ಕೇಳುವುದಿಲ್ಲ. ಹಳ್ಳಿ ಹಳ್ಳಿಗೆ ಲಾರಿ ಕಳಿಸಿ ನೀರು ಬೆರೆತಿದೆಯಾ ಅಂತ ಲ್ಯಾಕ್ಟೋಮೀಟರ್ ಹಾಕಿ ನೋಡುವ ತಾಪತ್ರಯವೂ ಇಲ್ಲ. ಬೇಕಾದಷ್ಟು ಚೀಲ ಬಿಚ್ಚಿದರೆ ಆಯ್ತು. ಒಂದೇ ವರ್ಷದೊಳಗೆ ರೈತರು ಕರೆದ ಹಾಲನ್ನು ಚೆಲ್ಲಬೇಕಾಯಿತು. ಕರೆಯುವ ನೂರಾರು ಹಸುಗಳು ಕಸಾಯಿಖಾನೆಗೆ ಹೋದವು. ಜಮೈಕಾ ಹೋಪ್‌ನ ಒಳ್ಳೆ ರಕ್ತ ಎಷ್ಟೋ ಆಗಲೇ ಕಳೆದುಹೋಯಿತು. ನಾಲ್ಕು ದಶಕ ಕಟ್ಟಿದ್ದನ್ನು ಹಾಗೆ ಮಾಂಸದ ದರಕ್ಕೆ ಮಾರಿಬಿಡುವುದಿದೆಯಲ್ಲ, ಅದನ್ನು ಯಾವ ಸುಧಾರಣೆಯ ಲೆಕ್ಕಕ್ಕೂ ಹಚ್ಚಲು ನನಗೆ ಆಗುವುದಿಲ್ಲ.

ಇನ್ನೊಂದು ಕಡೆಯೂ ಇದೆ, ಹೇಳಲೇಬೇಕು. ಕಿಂಗ್‌ಸ್ಟನ್‌ನ ಬಡ ಮನೆಯ ತಾಯಿಗೆ ಪುಡಿ ಹಾಲು, ಡಬ್ಬದ ಸಿಹಿ ಹಾಲು ಅಗ್ಗಕ್ಕೆ ಸಿಕ್ಕಿತು. ಫ್ರಿಜ್ ಇಲ್ಲದ ಮನೆಗೆ ಅದೇ ಅನುಕೂಲ. ಈ ರುಚಿಗೆ ಮೂರು ದಶಕದಿಂದ ನಾಲಿಗೆ ಒಗ್ಗಿದೆ. ಈಗ ಹಸಿ ಹಾಲಿನ ಡೈರಿ ಶುರು ಮಾಡುವವರು ಬರೀ ಬೆಲೆಯ ಜೊತೆ ಅಲ್ಲ, ಅಭ್ಯಾಸದ ಜೊತೆಗೂ ಹೋರಾಡಬೇಕು.

ನಮಗೆ ಇಲ್ಲಿ ಮುಳ್ಳಿನ ಹಾಗೆ ಚುಚ್ಚುವ ಸಂಗತಿ ಒಂದಿದೆ. 1970ರಲ್ಲಿ ಭಾರತದಲ್ಲಿ ಆಪರೇಷನ್ ಫ್ಲಡ್ (ಕ್ಷೀರಕ್ರಾಂತಿಯ ಯೋಜನೆ) ಶುರುವಾದಾಗ ನಮಗೂ ಯುರೋಪಿನ ಇದೇ ಹೆಚ್ಚುವರಿ ಪುಡಿ ಮತ್ತು ಬೆಣ್ಣೆ ಎಣ್ಣೆ ಬಂತು, ದಾನವಾಗಿ. ಅದನ್ನು ಅಗ್ಗಕ್ಕೆ ಮಾರುಕಟ್ಟೆಗೆ ಸುರಿಯಲಿಲ್ಲ. ಸಹಕಾರಿ ಡೈರಿಗಳ ಮೂಲಕ ಹಾಲಾಗಿ ಮಾರಿ, ಆ ದುಡ್ಡಿನಲ್ಲಿ ಹಳ್ಳಿಯ ಸಂಘ, ಶೀತಲ ಕೇಂದ್ರ, ಟ್ಯಾಂಕರ್ ಕಟ್ಟಿದರು. 1974ರಲ್ಲಿ ಕರ್ನಾಟಕದ ಹೈನು ಅಭಿವೃದ್ಧಿ ಯೋಜನೆಗೆ ಸಾಲ ಕೊಟ್ಟದ್ದೂ ವಿಶ್ವಬ್ಯಾಂಕೇ. ನಂದಿನಿಯ ಬೇರು ಅಲ್ಲಿದೆ. ಅದೇ ಪುಡಿ, ಅದೇ ಬ್ಯಾಂಕು. ಇಲ್ಲಿ ಬಂಡವಾಳ ಆಯಿತು, ಅಲ್ಲಿ ಎದುರಾಳಿ ಆಯಿತು. ನಡುವೆ ಇದ್ದ ವ್ಯತ್ಯಾಸ ಪುಡಿಯ ಚೀಲ ಯಾರ ಕೈಯಲ್ಲಿತ್ತು ಅನ್ನುವುದು.

ಕೃಷಿ ರಫ್ತಿನ ಸಬ್ಸಿಡಿ ನಿಲ್ಲಿಸುವ ತೀರ್ಮಾನವನ್ನು ವಿಶ್ವ ವ್ಯಾಪಾರ ಸಂಸ್ಥೆ 2015ರಲ್ಲಿ ನೈರೋಬಿಯಲ್ಲಿ ತೆಗೆದುಕೊಂಡಿತು. ಅಷ್ಟರಲ್ಲಿ ಜಮೈಕಾದ ಹಳ್ಳಿಗಳಿಂದ ಹಾಲಿನ ಲಾರಿಯ ದಾರಿಗಳೇ ಅಳಿಸಿಹೋಗಿದ್ದವು.

ಒಂದೂವರೆ ಕ್ಯಾನ್

ಈಗ ನಮ್ಮ ದಂಪತಿಯ ಹತ್ತು ಹಸುವಿಗೆ ವಾಪಸ್ ಬರೋಣ. ಡಾಲರ್ ದರ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಲೆಕ್ಕವನ್ನು ಲೀಟರಿನಲ್ಲೇ ಇಡುತ್ತೇನೆ.

ಹತ್ತು ಹಸು ಇದ್ದರೆ ಹತ್ತೂ ಕರೆಯಲ್ಲ. ಕರುವಿನಿಂದ ಕರುವಿಗೆ 400 ದಿನ, ಅದರಲ್ಲಿ ಕರಾವು 305 ದಿನ ಅಂದರೂ, ಯಾವುದೇ ದಿನ ಕರೆಯುವುದು ಏಳೋ ಎಂಟೋ. ಉಳಿದವು ಬತ್ತಿರುತ್ತವೆ. 2,500 ಲೀಟರನ್ನು 305ಕ್ಕೆ ಭಾಗಿಸಿದರೆ ದಿನಕ್ಕೆ 8 ಲೀಟರ್. ಏಳು ಹಸುವಿಗೆ 56. ಕೈ ಚೆನ್ನಾಗಿದ್ದರೆ 60. ಅಂದರೆ 40 ಲೀಟರಿನ ಒಂದೂವರೆ ಕ್ಯಾನ್. ಕರುಗಳ ಪಾಲು, ಮನೆಯ ಪಾಲು ಕಳೆದರೆ ಅದೂ ಇಲ್ಲ. ಕಾರ್ಖಾನೆಯ 250 ಲೀಟರಿನ ಒಂದು ಚೀಲಕ್ಕೆ ಈ ಫಾರ್ಮ್ ನಾಲ್ಕು ದಿನ ದುಡಿಯಬೇಕು.

ಬೆಳಗ್ಗೆ ಏಳು ಗಂಟೆ ಅಂತ ಇಟ್ಟುಕೊಳ್ಳಿ. ಕರೆದು ಮುಗಿದಿದೆ. ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ಸುರಿದಿದ್ದಾರೆ. ಹಾಲು ಇನ್ನೂ ಬೆಚ್ಚಗಿದೆ. ಹೊರಗೆ ಆಗಲೇ 27 ಡಿಗ್ರಿ. ಇನ್ನು ಎರಡು ಮೂರು ಗಂಟೆಯೊಳಗೆ ಅದನ್ನು 4 ಡಿಗ್ರಿಗೆ ಇಳಿಸದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಾಯಿಸಿದ ಕೂಡಲೇ ಒಡೆಯುತ್ತದೆ. ನಮ್ಮ ಹಳ್ಳಿಯಲ್ಲಾದರೆ ಈ ಹೊತ್ತಿಗೆ ಸಂಘದ ಮುಂದೆ ಸಾಲು ಇರುತ್ತದೆ. ಎರಡು ಲೀಟರ್ ತಂದವರಿಗೂ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನ ಅಂಶ) ನೋಡಿ ಚೀಟಿ ಕೊಡುತ್ತಾರೆ. ಬಟವಾಡೆ ಬ್ಯಾಂಕ್ ಖಾತೆಗೆ ಬೀಳುತ್ತದೆ. ಹಾಲಿನ ದರ ಸಾಲದು ಅಂತ ನಾವು ಬಯ್ಯುತ್ತೇವೆ, ಬಯ್ಯಲೂ ಬೇಕು. ಆದರೆ ಎರಡು ಲೀಟರಿಗೆ ಗಿರಾಕಿ ಯಾರು ಅಂತ ಯಾರೂ ಯೋಚಿಸುವುದಿಲ್ಲ. ಜಮೈಕಾದ ಆ ಕೊಟ್ಟಿಗೆಯ ಮುಂದೆ ಲಾರಿ ಬರುವುದಿಲ್ಲ. ಒಂದೂವರೆ ಕ್ಯಾನಿಗಾಗಿ 30 ಕಿಲೋಮೀಟರ್ ಬೆಟ್ಟದ ದಾರಿ ಸುತ್ತಿದರೆ ಡೀಸೆಲ್ ದುಡ್ಡೂ ಹುಟ್ಟಲ್ಲ.

ದಾರಿಗಳು ಇಲ್ಲದಿಲ್ಲ. ಒಂದು, ಮೊಸರು, ಚೀಸ್, ಐಸ್‌ಕ್ರೀಮ್ ಮಾಡಿ ಹೋಟೆಲಿಗೆ ಕೊಡುವುದು. 5ರ ಫ್ಯಾಟ್ ಇರುವ ಹಾಲು ಇದಕ್ಕೆ ಹೇಳಿ ಮಾಡಿಸಿದ್ದು. ಐದಾರು ಲೀಟರಿಗೆ ಒಂದು ಕೆಜಿ ಪನೀರ್‌ನಂಥ ಹಸಿ ಚೀಸ್ ಇಳಿಯುತ್ತದೆ. ನೆಗ್ರಿಲ್, ಮಾಂಟೆಗೊ ಬೇ ಕಡೆ ಪ್ರವಾಸಿ ಹೋಟೆಲುಗಳು ಸಾಲಾಗಿವೆ. ಕೇಳಲು ಚೆನ್ನಾಗಿದೆ. ಆದರೆ ಕ್ಯಾಲೆಂಡರ್ ತೆಗೆದು ನೋಡಿ. ಪ್ರವಾಸಿಗರು ತುಂಬಿಕೊಳ್ಳುವುದು ಡಿಸೆಂಬರ್ ಮಧ್ಯದಿಂದ ಏಪ್ರಿಲ್ ತನಕ, ಚಳಿ ನಾಡುಗಳಿಂದ ಓಡಿ ಬರುವ ಕಾಲದಲ್ಲಿ. ಹುಲ್ಲು ಒಣಗಿ ಹಾಲು ಇಳಿಯುವುದೂ ಅದೇ ತಿಂಗಳುಗಳಲ್ಲಿ. ಹಾಲು ಉಕ್ಕುವ ಅಕ್ಟೋಬರಿನಲ್ಲಿ ಹೋಟೆಲ್ ಖಾಲಿ. ಇದನ್ನು ಸರಿ ಮಾಡಬೇಕಾದರೆ ಹಸುಗಳು ನವೆಂಬರಿನಲ್ಲಿ ಈಯುವ ಹಾಗೆ ಫೆಬ್ರವರಿಯಲ್ಲಿ ಗಬ್ಬ ಕಟ್ಟಿಸಬೇಕು, ಬೇಸಿಗೆಗೆ ರಸಮೇವು ಕೂಡಿಡಬೇಕು. ಹಸು ಎಷ್ಟು ಅನ್ನುವುದಕ್ಕಿಂತ ಈ ಹೊಂದಾಣಿಕೆಯಲ್ಲೇ ದುಡ್ಡಿದೆ. ಜೊತೆಗೆ ಹೋಟೆಲಿನವರು ಪ್ರತಿ ಮಂಗಳವಾರ ಅಷ್ಟೇ ತೂಕ, ಅದೇ ರುಚಿ ಕೇಳುತ್ತಾರೆ. ಬಿಲ್ ಪಾಸ್ ಆಗಲು ತಿಂಗಳು ಹಿಡಿಯಬಹುದು. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಒಪ್ಪಿದ ಪ್ರತ್ಯೇಕ ಕೋಣೆ, ಪಾಶ್ಚರೀಕರಣದ ಪಾತ್ರೆ ಇಲ್ಲದೆ ಬಾಗಿಲೊಳಗೂ ಬಿಡುವುದಿಲ್ಲ.

ಎರಡನೆಯದು, ಸುತ್ತಮುತ್ತ ಹಸು ಇಟ್ಟುಕೊಂಡಿರುವ ಐದಾರು ಮನೆ ಸೇರಿ 500 ಲೀಟರಿನ ಒಂದು ಕೂಲಿಂಗ್ ಟ್ಯಾಂಕ್ ಹಾಕುವುದು, ಒಂದು ಕಾರ್ಖಾನೆಯ ಜೊತೆ ದಿನ ಬಿಟ್ಟು ದಿನ ಲಾರಿ ಕಳಿಸುವ ಒಪ್ಪಂದ ಮಾಡಿಕೊಳ್ಳುವುದು. ನನ್ನ ಓಟು ಇದಕ್ಕೆ. ಆದರೆ ಅಲ್ಲಿನ ಬೆಟ್ಟದ ರೈತರು ಒಬ್ಬೊಬ್ಬರೇ ಬದುಕಿ ರೂಢಿ. ಟ್ಯಾಂಕಿಗೆ ಒಬ್ಬ ನೀರು ಬೆರೆಸಿದರೆ ಇಡೀ ಟ್ಯಾಂಕ್ ವಾಪಸ್. ಹಾಗಾಗಿ ಟ್ಯಾಂಕಿನ ಬಾಗಿಲಲ್ಲೇ ಪ್ರತಿಯೊಬ್ಬರ ಹಾಲಿಗೂ ಪರೀಕ್ಷೆ, ಗೆಳೆತನದ ದಾಕ್ಷಿಣ್ಯ ಇಲ್ಲ ಅನ್ನುವ ನಿಯಮ ಮೊದಲ ದಿನದಿಂದ ಬೇಕು. ಗ್ರಾಮೀಣ ರೈತರಿಗೆ ಸಲಹೆ ಕೊಡುವ ಸರ್ಕಾರಿ ಸಂಸ್ಥೆ ರಾಡಾ ಅಲ್ಲಿದೆ. ಅದರಲ್ಲಿ ರೈತನಾಗಿ ನೋಂದಣಿ ಮಾಡಿಸಿ, ಈ ಗುಂಪು ಕಟ್ಟುವ ಕೆಲಸಕ್ಕೆ ಅವರ ಸಿಬ್ಬಂದಿಯನ್ನು ಎಳೆದುಕೊಂಡರೆ ಅರ್ಧ ಜಗಳ ಕಡಿಮೆ.

ಮೂರನೆಯದನ್ನು ಹೊಸಬರು ಮರೆತೇಬಿಡುತ್ತಾರೆ. ಗಂಡುಗರು. ನಮ್ಮಲ್ಲಿ ಗಂಡುಗರು ಹುಟ್ಟಿದರೆ ಮನೆಯವರ ಮುಖ ಸಪ್ಪೆ. ಜಮೈಕಾದಲ್ಲಿ ದನದ ಮಾಂಸಕ್ಕೆ ಒಳ್ಳೆ ಬೇಡಿಕೆ ಇದೆ. ಹುಲ್ಲಿನಲ್ಲೇ ಎರಡು ವರ್ಷ ಬೆಳೆಸಿದ ಹೋರಿ ತಾನಾಗಿ ಒಂದು ಉಳಿತಾಯ ಖಾತೆ. ಹಾಲಿನ ದುಡ್ಡಿನಲ್ಲಿ ದಿನದ ಖರ್ಚು ಕಳೆದರೆ, ವರ್ಷಕ್ಕೆ ಮೂರು ಹೋರಿ ಮಾರಿದ ದುಡ್ಡು ಬೇಲಿಗೆ, ರಿಪೇರಿಗೆ ಆಗುತ್ತದೆ. ಅನೇಕ ಮನೆಗಳಲ್ಲಿ ಹಾಲಿಗಿಂತ ಇದೇ ಆಸರೆ.

ಕಳ್ಳ, ಗಾಳಿ

ಹೋರಿ ಉಳಿತಾಯ ಅಂದೆ. ಆ ಖಾತೆಗೆ ಬೀಗ ಇಲ್ಲ. ದನಗಳ್ಳತನ, ಬೆಳೆಗಳ್ಳತನ ಜಮೈಕಾದ ರೈತರ ದೊಡ್ಡ ತಲೆನೋವು. ರಾತ್ರಿ ಹೊಲದಲ್ಲೇ ಕಡಿದು ಮಾಂಸ ಹೊತ್ತುಕೊಂಡು ಹೋಗಿ, ಬೆಳಗ್ಗೆ ತಲೆ ಮತ್ತು ಚರ್ಮ ಮಾತ್ರ ಬಿಟ್ಟಿರುವುದೂ ಇದೆ. ಇದಕ್ಕೇ ಬೇರೆ ಪೊಲೀಸ್ ವಿಭಾಗ ಮಾಡುವ ಮಟ್ಟಕ್ಕೆ ಹೋಗಿದೆ. ರಸ್ತೆ ಬದಿ ಗೂಟಕ್ಕೆ ಕಟ್ಟಿ ಮೇಯಿಸುವ ಪದ್ಧತಿ ಹಗಲಿಗೆ ಸರಿ. ರಾತ್ರಿ ಮನೆ ಹತ್ತಿರದ ಕೊಟ್ಟಿಗೆ, ಬೆಳಕು, ನಾಯಿ ಬೇಕೇ ಬೇಕು. ಮನೆಯಿಂದ ದೂರ ಇರುವ ಜಮೀನಾದರೆ ನಾನಂತೂ ಹಸು ಕಟ್ಟಿಸಲಾರೆ.

ಇನ್ನು ಚಂಡಮಾರುತ. ಜೂನ್‌ನಿಂದ ನವೆಂಬರ್ ತನಕ ಅದರ ಕಾಲ. 1988ರ ಗಿಲ್ಬರ್ಟ್ ದ್ವೀಪದ ಉದ್ದಕ್ಕೂ ಹಾದುಹೋಯಿತು. 2024ರ ಜುಲೈ 3ರಂದು ಬೆರಿಲ್ ದಕ್ಷಿಣ ತೀರವನ್ನು ಸವರಿಕೊಂಡು ಹೋಯಿತು, ಸೇಂಟ್ ಎಲಿಜಬೆತ್ ಮೊದಲ ಪೆಟ್ಟು ತಿಂದವುಗಳಲ್ಲಿ ಒಂದು. ಆ ಗಾಯ ಆರುವ ಮುಂಚೆ 2025ರ ಅಕ್ಟೋಬರ್ 28ರಂದು ಮೆಲಿಸ್ಸಾ ಅತಿ ಬಲಶಾಲಿಯಾದ ಐದನೇ ದರ್ಜೆಯಲ್ಲಿ ಪಕ್ಕದ ವೆಸ್ಟ್‌ಮೋರ್‌ಲ್ಯಾಂಡ್ ತೀರಕ್ಕೆ ಬಂದು ಬಡಿಯಿತು. ಸೇಂಟ್ ಎಲಿಜಬೆತ್‌ನ ಮುಖ್ಯ ಊರು ಬ್ಲ್ಯಾಕ್ ರಿವರ್ ನೆಲಸಮವಾದ ಹಾಗಾಯಿತು.

ಇಂಥ ಕಡೆ ದೊಡ್ಡ ತಗಡಿನ ಶೆಡ್ ಕಟ್ಟುವುದು ಸುಮ್ನೆ ದುಡ್ಡು ಗಾಳಿಗೆ ಹಾಕಿದ ಹಾಗೆ. ಕರೆಯುವ ಜಾಗ ಮಾತ್ರ ಸಣ್ಣದಾಗಿ, ಗಟ್ಟಿ ಸಿಮೆಂಟಿನಲ್ಲಿ ಇರಲಿ. ಗಾಳಿ ಬರುವ ಮುನ್ಸೂಚನೆ ಸಿಕ್ಕಾಗ ದನಗಳನ್ನು ಶೆಡ್ಡಿನಲ್ಲಿ ಕೂಡಬಾರದು. ತಗಡು ಹಾರಿ ಕಡಿಯುತ್ತದೆ, ಗೋಡೆ ಬಿದ್ದರೆ ಎಲ್ಲ ಒಟ್ಟಿಗೆ ಹೋಗುತ್ತವೆ. ಹಗ್ಗ ಬಿಚ್ಚಿ, ದೊಡ್ಡ ಮರ ಮತ್ತು ಕರೆಂಟ್ ಕಂಬ ಇಲ್ಲದ ಎತ್ತರದ ಬಯಲಿಗೆ ಬಿಡಬೇಕು. ಆಮೇಲಿನ ಕಷ್ಟ ಕರೆಂಟಿನದು. ವಾರಗಟ್ಟಲೆ ಬರದಿದ್ದರೆ ಟ್ಯಾಂಕ್ ತಣ್ಣಗಾಗಲ್ಲ, ಲಾರಿ ಬರಲ್ಲ. ಹಸುಗಳು ಮಾತ್ರ ಎರಡು ಹೊತ್ತು ಕರೆಸಿಕೊಳ್ಳಲು ಬಂದು ನಿಲ್ಲುತ್ತವೆ. ಕರೆಯದಿದ್ದರೆ ಕೆಚ್ಚಲು ಬಾವು. ಅಂಥ ದಿನಗಳಿಗೆ ಕರುಗಳನ್ನು ತಾಯಿಯ ಜೊತೆ ಬಿಟ್ಟುಬಿಡುವುದೇ ಸುಲಭದ ದಾರಿ. ಇದಕ್ಕೂ ಜಮೈಕಾ ಹೋಪ್ ಸರಿ. 25 ಲೀಟರಿನ ಹಸುವಿಗೆ ಕರು ಸಾಲದು.

ಈ ಕುಟುಂಬ ಏನು ಮಾಡಬೇಕು

ಹತ್ತಲ್ಲ, ನಾಲ್ಕು ಹಸು. ಅದೂ ತಕ್ಷಣ ಅಲ್ಲ. ಮೊದಲ ಮಳೆಗಾಲ ನೇಪಿಯರ್, ಬೇಲಿ, ತೊಟ್ಟಿ. ಆ ಆರು ತಿಂಗಳಲ್ಲಿ ಗಂಡ ಜಮೀನಿನ ಕಾಗದ ಮುಗಿಸಲಿ. ಹೆಂಡತಿ ಸುತ್ತಲಿನ ಹತ್ತು ಕಿಲೋಮೀಟರಿನಲ್ಲಿ ಯಾರ ಮನೆಯಲ್ಲಿ ಎಷ್ಟು ಹಸು, ಹಾಲು ಎಲ್ಲಿಗೆ ಹೋಗುತ್ತದೆ ಅಂತ ಬರೆದಿಟ್ಟುಕೊಳ್ಳಲಿ. ಆ ಪಟ್ಟಿ ಹಿಡಿದು ಕಾರ್ಖಾನೆಯ ಹತ್ತಿರ, ಒಂದೆರಡು ಹೋಟೆಲಿನ ಹತ್ತಿರ ಹೋಗಬೇಕು. ಹಸು ಕೊಂಡ ಮೇಲೆ ಹೋದರೆ ಅವರು ಹೇಳಿದ್ದೇ ದರ. ಹಸು ಕೊಳ್ಳುವ ಮುಂಚೆ ಹೋದರೆ ಎದ್ದು ಬರಬಹುದು.

ಕೊಂಡ ಮೇಲೆ ಪ್ರತಿ ಹಸುವಿಗೂ ಒಂದು ಪುಟ. ಹಾಲು, ಬೆದೆ, ಗಬ್ಬ, ಖರ್ಚು. ಲೆಕಿ ಮಾಡಿದ್ದೂ ಅಷ್ಟೇ.

ಎರಡನೇ ಬೇಸಿಗೆ ಮುಗಿಯುವ ಏಪ್ರಿಲ್‌ನಲ್ಲಿ ಆ ಪುಸ್ತಕ ತೆಗೆದು ಎರಡು ಅಂಕಿ ನೋಡಬೇಕು. ಕರುವಿನಿಂದ ಕರುವಿಗೆ 420 ದಿನ ದಾಟಿದ ಹಸು ಇದ್ದರೆ ಅದು ಬೇಸಿಗೆಯಲ್ಲಿ ಹಸಿದಿದೆ ಅಂತ ಅರ್ಥ. ಔಷಧಿಗಿಂತ ಮೊದಲು ರಸಮೇವು ಹೆಚ್ಚಿಸಬೇಕು. ಹಾಲಿನ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಫೀಡ್ ಅಂಗಡಿಗೆ ಹೋಗಿದ್ದರೆ ಒಂದು ಹಸು ಮಾರಿ ಹುಲ್ಲಿಗೆ ತಕ್ಕಷ್ಟು ಇಟ್ಟುಕೊಳ್ಳಬೇಕು. ಎರಡೂ ಅಂಕಿ ಸರಿಯಿದ್ದು, ನೆರೆಯವರ ಹಾಲು ಸೇರಿ ಟ್ಯಾಂಕಿನಲ್ಲಿ ದಿನಾ 200 ಲೀಟರ್ ನಿಲ್ಲುತ್ತಿದ್ದರೆ, ಲಾರಿ ಆರು ತಿಂಗಳು ತಪ್ಪದೆ ಬಂದಿದ್ದರೆ, ಆಗ ಐದನೇ ಹಸು.